ಆಟದ ರೈಲಿನ ಪಾಯಿಂಟು



ಶಿಕಾರಿಪುರ, ಸೊರಬ ಪೇಟೆಗಳ ಹುಡುಗರು ರೈಲನ್ನು ಕಾಣಬೇಕಾದರೆ ಬೇರೆ ಊರಿಗೆ ಹೋಗಬೇಕಾಗಿತ್ತು. ಆದುದರಿಂದ ರಜೆಯಲ್ಲಿ ನಾವು ಹಲಗೆಯ ಮೇಲೆ 16.5 ಮಿಲಿಮೀಟರು ಅಗಲದ ಆಟದ ರೈಲುದಾರಿಯನ್ನು ಹಾಸಿದೆವು. ಹಳಿ ಕವಲೊಡೆಯುವಲ್ಲಿ, ಹಲಗೆಯ ಕೆಳಗೆ, ಪಾಯಿಂಟು ಸರಿಸುವ ವಿದ್ಯುದ್ಯಂತ್ರವನ್ನು ಕೂರಿಸಿದುದಾಯಿತು. ಗುಂಡಿಯನ್ನೊತ್ತಿದರೆ ತಂತಿಯ ಸುರುಳಿಯು ಕಬ್ಬಿಣದ ಸಲಾಕೆಯನ್ನು ಸೆಳೆಯುವುದು. ಸಲಾಕೆಯು ಹಳಿಯ ನಾಲಗೆಯನ್ನು ಸರಿಸುವುದು.

ಆದರೂ ಇಂಜಿನು ಹಳಿ ತಪ್ಪಿತು. ನಾಲಗೆಯು ಸರಿದಿದ್ದರೂ ಪಕ್ಕದ ಹಳಿಗೆ ಅಂಟಿರಲಿಲ್ಲ. ಹುಡುಗನೊಬ್ಬನು ಗುಂಡಿಯನ್ನು ಒತ್ತಿಯೇ ಹಿಡಿದನು, ಸುರುಳಿ ಸುಟ್ಟುಹೋಯಿತು! ಯಂತ್ರವನ್ನು ಕೂದಲೆಳೆಯಷ್ಟು ಸರಿಸಿ ಬಿಗಿದು, ಹೊಸ ಸುರುಳಿಗೆ ಕ್ಷಣಮಾತ್ರ ವಿದ್ಯುತ್ತು ಕೊಟ್ಟಾಗ ಗಾಡಿ ಸುಖವಾಗಿ ದಾಟಿತು.

ನಿಜವಾದ ರೈಲುದಾರಿಯಲ್ಲಿಯೂ ನಾಲಗೆ ಕೂಡಿ ಬೀಗ ಬಿದ್ದುದು ಖಚಿತವಾಗದೆ ಹಸಿರು ದೀಪ ಬೆಳಗದು. ಆಜ್ಞೆಯಿತ್ತ ಮಾತ್ರಕ್ಕೆ ಕಾರ್ಯವಾಯಿತೆಂದು ನಂಬಬಾರದೆಂಬುದನ್ನು ಆ ಹುಡುಗರು ಒತ್ತಿದ ಬೆರಳಿನಿಂದಲೇ ಕಲಿತರು.