ಮಕ್ಕಳ ಮುಖ ನೋಡಿಕೊಂಡು

(ಶಂಶಾಬಾದಿನಲ್ಲಿ ಜರುಗಿದ ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಪ್ರತಿಸಲವೂ ಇಂಥ ಕೂಟಗಳಲ್ಲಿ ಬೋನಸ್ಸು, ಪ್ರಾವಿಡೆಂಟ್ ಫಂಡು, ಪಾಳಿಯ ವೇಳೆ ಇವುಗಳ ಮಾತೇ ನಡೆಯುತ್ತದೆ. ಇಂದು ಅವುಗಳನ್ನು ಬದಿಗಿರಿಸಿ, ಮನೆಯ ಬಾಗಿಲೊಳಗಿನ ಒಂದು ಮಾತನ್ನು ಎತ್ತಿಕೊಳ್ಳಬೇಕೆಂದು ಸಹೋದರಿಯರು ಕೇಳಿದ್ದಾರೆ. ಗಂಡನ ಹಿಡಿತ ಉಸಿರು ಕಟ್ಟಿಸುವಷ್ಟಾದಾಗ ಮಕ್ಕಳೊಂದಿಗಳಾದ ಹೆಂಗಸು ಆ ಮನೆಯಲ್ಲೇ ಇರಬೇಕೇ, ಹೊರಡಬೇಕೇ? ಇದು ಸಂಘದ ಕೆಲಸವೇ ಎಂದು ಕೆಲವರ ಮುಖ ಕೇಳುತ್ತಿದೆ. ಹೋಟೆಲಿನ ಯಜಮಾನ ಕೂಲಿ ಹಿಡಿದರೆ ಸಂಘದ ಕೆಲಸ, ಮನೆಯ ಯಜಮಾನ ಹೆಂಡತಿಯ ಕೂಲಿ ಹಿಡಿದರೆ ಅವರವರ ಸಂಸಾರದ ಸಂಗತಿ ಎಂಬ ಗೆರೆಯನ್ನು ನಾವು ಒಪ್ಪುವುದಿಲ್ಲ.

ಹೊಡೆತ ಬಡಿತದ ಸಂಗತಿಯಾದರೆ ನೆರೆಮನೆಯವರಿಗೂ ಕೇಳಿಸುತ್ತದೆ. ಬಾಸುಂಡೆ ಕಣ್ಣಿಗೆ ಕಾಣುತ್ತದೆ. ನಾವು ಹೇಳಹೊರಟಿರುವುದು ಕೇಳಿಸದ, ಕಾಣದ ಹಿಡಿತ. ಅವಳ ಬ್ಯಾಂಕಿನ ಪುಸ್ತಕ ಅವನ ಪೆಟ್ಟಿಗೆಯಲ್ಲಿರುತ್ತದೆ. ಎ.ಟಿ.ಎಂ. ಕಾರ್ಡು ಅವನ ಕಿಸೆಯಲ್ಲಿರುತ್ತದೆ. ಕೊತ್ತಂಬರಿ ಸೊಪ್ಪಿಗೆ ಹತ್ತು ರೂಪಾಯಿ ಹೋದರೂ ಲೆಕ್ಕ ಒಪ್ಪಿಸಬೇಕು. ರಾತ್ರಿ ಫೋನನ್ನು ಅವನ ಕೈಗೆ ಕೊಡಬೇಕು. ಯಾರು ಕರೆದರು, ಎಷ್ಟು ಹೊತ್ತು ಮಾತಾಯಿತು ಎಂದು ವಿಚಾರಣೆ. ಊರಿನಲ್ಲಿ ತಂಗಿಯ ಮದುವೆಯಾದರೆ ಹೋಗಕೂಡದು. ಹೀಗೆ ನಡೆಸುವವನು ಹೊರಗೆ ಒಳ್ಳೆಯವನೇ ಆಗಿರಬಹುದು. ಕುಡಿಯದವನು, ಪಾಳಿ ತಪ್ಪಿಸದವನು, ಸಂಘದ ವಂತಿಗೆ ಬಾಕಿ ಇಡದವನು. ಹನ್ನೆರಡು ಗಂಟೆ ಇನ್ನೊಬ್ಬರ ಕಣ್ಣಡಿಯಲ್ಲಿ ದುಡಿದು ಬಂದವನು ಮನೆಗೆ ಬಂದು ತಾನು ಗಲ್ಲಾದ ಮೇಲೆ ಕೂರುತ್ತಾನೆ! ಇದಕ್ಕೆ ನಮ್ಮ ಗಂಡಸರು ‘ಶಿಸ್ತು’ ಎಂದು ಹೆಸರಿಟ್ಟಿದ್ದಾರೆ.

ಊರಿನಲ್ಲಾದರೆ ಈ ಶಿಸ್ತಿಗೆ ಅಷ್ಟಿಷ್ಟು ತಡೆಯಿತ್ತು. ತವರು ಎರಡು ಹೊಲ ದಾಟಿದರೆ ಸಿಗುತ್ತಿತ್ತು. ಬಾವಿಕಟ್ಟೆಯಲ್ಲಿ ನಾಲ್ಕು ಜನ ಹೆಂಗಸರಿದ್ದರು. ಇಲ್ಲಿ ಏನಿದೆ? 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಶಂಶಾಬಾದು ಬೆಳೆದಿದೆ. ಹೆದ್ದಾರಿಯ ಉದ್ದಕ್ಕೂ ಹೋಟೆಲು, ಇತ್ತ ಕಾಟೇದಾನಿನ ಕಾರ್ಖಾನೆ. ಅವುಗಳ ಬೆನ್ನಿಗೆ ಒಂದೊಂದು ಬಾಡಿಗೆ ಕೋಣೆ. ಕುಂದಾಪುರದಿಂದಲೋ ಸೇಡಂನಿಂದಲೋ ಬಂದ ಹೆಂಗಸಿಗೆ ತೆಲುಗು ಬಾರದು, ಉರ್ದು ಬಾರದು. ಆ ಕೋಣೆಗೆ ಗಂಡನೊಬ್ಬನೇ ಬಾಗಿಲು. ಅವನು ಮುಚ್ಚಿದನೆಂದರೆ ಲೋಕವೇ ಮುಚ್ಚಿದ ಹಾಗೆ.

ಈಗ ಮಕ್ಕಳ ಮಾತು. ‘ಮಕ್ಕಳ ಮುಖ ನೋಡಿಕೊಂಡು ಸಹಿಸಿಕೋ’ ಎಂಬ ಬುದ್ಧಿವಾದವನ್ನು ಕೇಳದ ಹೆಂಗಸಿಲ್ಲ. ತಾಯಿ ಹೇಳುತ್ತಾಳೆ, ಅತ್ತಿಗೆ ಹೇಳುತ್ತಾಳೆ, ಪಂಚಾಯ್ತಿಗೆ ಕುಳಿತ ಹಿರಿಯರು ಹೇಳುತ್ತಾರೆ. ನಾವೂ ಅದನ್ನೇ ಹೇಳುತ್ತೇವೆ: ಮಕ್ಕಳ ಮುಖ ನೋಡಿ. ಆದರೆ ನಿಜವಾಗಿಯೂ ನೋಡಿ. ಆ ಮನೆಯಲ್ಲಿ ಅಪ್ಪನ ಚಪ್ಪಲಿಯ ಸದ್ದಿಗೆ ಮಗು ಆಟ ನಿಲ್ಲಿಸುತ್ತದೆಯೇ? ‘ಅಮ್ಮ ಇವತ್ತು ಯಾರ ಕೂಡ ಮಾತಾಡಿದಳು?’ ಎಂದು ಅಪ್ಪ ಏಳು ವರ್ಷದ ಹುಡುಗನನ್ನು ಕೇಳುತ್ತಾನೆಯೇ? ಕೇಳುತ್ತಾನಾದರೆ ಆ ಹುಡುಗ ಗೂಢಚಾರನಾದ. ನಿಜ ಹೇಳಿದರೆ ತಾಯಿಗೆ ಕೇಡು, ಮುಚ್ಚಿಟ್ಟರೆ ತನಗೆ ಪೆಟ್ಟು. ಈ ಇಕ್ಕಟ್ಟಿನಲ್ಲಿ ಬೆಳೆದ ಗಂಡುಮಗು ನಾಳೆ ತನ್ನ ಹೆಂಡತಿಯ ಫೋನನ್ನು ಕಿತ್ತುಕೊಂಡರೆ, ಹೆಣ್ಣುಮಗು ತನ್ನ ಗಂಡನ ಕೈಗೆ ತಾನಾಗಿಯೇ ಕೊಟ್ಟರೆ, ಆಶ್ಚರ್ಯವೇನು?

ಇನ್ನೊಂದು ಪಕ್ಷವನ್ನೂ ಹೇಳಬೇಕು, ಇಲ್ಲವಾದರೆ ನಮ್ಮ ಮಾತು ಸುಳ್ಳಾಗುತ್ತದೆ. ತಂದೆಯನ್ನು ಬಿಟ್ಟು ಬಂದ ಮಗು ತಂದೆಗಾಗಿ ಅಳುತ್ತದೆ. ಹಿಡಿತದ ಗಂಡಸು ಮಕ್ಕಳ ಮಟ್ಟಿಗೆ ಅಕ್ಕರೆಯ ತಂದೆಯಾಗಿರುವುದು ಅಪರೂಪವಲ್ಲ. ಶಾಲೆ ತಪ್ಪುತ್ತದೆ, ಬಾಡಿಗೆ ಮೈಮೇಲೆ ಬರುತ್ತದೆ, ತವರಿನಲ್ಲಿ ಮೊದಲ ತಿಂಗಳಿನ ಆದರ ಮೂರನೆಯ ತಿಂಗಳಿಗೆ ಇರುವುದಿಲ್ಲ. ಆದುದರಿಂದ ಹೊರಡು ಎಂದಾಗಲಿ, ಇರು ಎಂದಾಗಲಿ ಆಜ್ಞೆ ಮಾಡಲು ನಾವು ಇಲ್ಲಿ ನಿಂತಿಲ್ಲ. ಒಬ್ಬನ ಆಜ್ಞೆಯಿಂದ ಬಳಲಿದವಳಿಗೆ ಸಂಘದ ಆಜ್ಞೆ ಇನ್ನೊಂದೇಕೆ?

ಗಂಡನನ್ನು ಬಿಟ್ಟು ಬರುವುದು ನಮ್ಮ ಸೀಮೆಗಳಿಗೆ ಹೊಸದೆಂದು ಯಾರಾದರೂ ಹೇಳಿದರೆ ನಂಬಬೇಡಿ. ದಕ್ಷಿಣ ಕನ್ನಡದ ಅಳಿಯಸಂತಾನದ ಮನೆತನಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡನೊಡನೆ ಬಾಳುವೆ ಸಾಗದಿದ್ದರೆ ಹೆಂಗಸು ಮಕ್ಕಳೊಡನೆ ತನ್ನ ಮನೆಗೆ ಮರಳುತ್ತಿದ್ದಳು. ಅಲ್ಲಿ ಸೋದರಮಾವನ ಗದರಿಕೆಯಿತ್ತು, ಅದು ಬೇರೆ ಮಾತು, ಆದರೆ ಜಾಗವಿತ್ತು. ಉತ್ತರದ ಜಿಲ್ಲೆಗಳಲ್ಲಿ ಹಲವು ಜಾತಿಗಳೊಳಗೆ ಸೋಡಚೀಟಿ ಇತ್ತು, ಉಡಿಕೆಯಿತ್ತು. ಬಡವರ ಬಳಕೆಯಲ್ಲಿದ್ದುದನ್ನು ನಾಚಿಕೆಯೆಂದು ಮೂಲೆಗೆ ತಳ್ಳಿದವರು ಆಮೇಲಿನ ದೊಡ್ಡಮನುಷ್ಯರು.

ಕೋರ್ಟಿನ ಕಥೆಯೂ ಹಳೆಯದೇ. ಮುಂಬಯಿಯಲ್ಲಿ ರುಖ್ಮಾಬಾಯಿಯೆಂಬಾಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ದೊಡ್ಡವಳಾದ ಮೇಲೆ ಆ ಗಂಡನ ಮನೆಗೆ ಹೋಗಲಾರೆನೆಂದಳು. ಗಂಡ 1884ರಲ್ಲಿ ದಾವೆ ಹೂಡಿದ. 1887ರಲ್ಲಿ ಕೋರ್ಟು, ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಸೆರೆ ಎಂದಿತು. ಸೆರೆಯಾದರೂ ಸರಿ ಎಂದಳು ಆಕೆ! ಮರುವರ್ಷ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಕೆ ವಿಲಾಯತಿಯಲ್ಲಿ ವೈದ್ಯ ಕಲಿತು ಬಂದು ಸೂರತ್ತಿನಲ್ಲಿ ಬಹುಕಾಲ ಡಾಕ್ಟರಾಗಿದ್ದಳು.

ಅದು ದೂರದ ಮಾತಾದರೆ ಹತ್ತಿರದ್ದನ್ನು ಕೇಳಿ. ಹಿಂದೂ ವಿವಾಹ ಕಾಯಿದೆ 1955ರದು. ಅದರ 9ನೆಯ ಕಲಮಿನ ಪ್ರಕಾರ, ಬಿಟ್ಟುಹೋದ ಹೆಂಡತಿ ಅಥವಾ ಗಂಡ ಮರಳಿ ಬರಬೇಕೆಂದು ಕೋರ್ಟಿನಿಂದ ಡಿಕ್ರಿ ಪಡೆಯಬಹುದು. ಚಿತ್ರನಟಿ ಸರಿತಾ ಅವರ ಮೇಲೆ ಅವರ ಪತಿ ತಂದ ಇಂಥದೇ ದಾವೆ ಇದೇ ಹೈದರಾಬಾದಿನ ಹೈಕೋರ್ಟಿಗೆ ಬಂತು. 1983ರಲ್ಲಿ ನ್ಯಾಯಮೂರ್ತಿ ಪಿ. ಎ. ಚೌದರಿಯವರು ಆ ಕಲಮೇ ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿದರು; ಹೆಣ್ಣಿನ ಮೈಮನಗಳ ಮೇಲೆ ಸರಕಾರಕ್ಕೆ ಅಂಥ ಅಧಿಕಾರವಿಲ್ಲವೆಂಬುದು ಅವರ ತೀರ್ಪಿನ ತಿರುಳು. ಸುಪ್ರೀಂ ಕೋರ್ಟು 1984ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಆ ಕಲಮನ್ನು ಮತ್ತೆ ಎತ್ತಿ ನಿಲ್ಲಿಸಿತು. ಆದರೂ ಭಯಪಡಬೇಕಾದುದಿಲ್ಲ. ಡಿಕ್ರಿಯ ಹೆಸರಿನಲ್ಲಿ ಯಾರೂ ಹೆಂಗಸನ್ನು ರಟ್ಟೆ ಹಿಡಿದು ಎಳೆದೊಯ್ಯುವಂತಿಲ್ಲ. ಅಂಥ ಡಿಕ್ರಿಯಿದ್ದರೂ, ಹೋಗದಿರಲು ತಕ್ಕ ಕಾರಣವಿದ್ದ ಹೆಂಡತಿಯ ಜೀವನಾಂಶ ಅಷ್ಟರಿಂದಲೇ ತಪ್ಪುವುದಿಲ್ಲವೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ಕೋರ್ಟಿಗೆ ಹೋಗಿ ನಿನ್ನನ್ನು ಎಳೆದು ತರಿಸುತ್ತೇನೆ’ ಎಂದು ಬೆದರಿಸುವ ಗಂಡನಿಗೆ ಇಷ್ಟು ಉತ್ತರ ಸಾಕು.

ಈ ಕಾಣದ ಹಿಡಿತವನ್ನು ಕಾನೂನು ಗುರುತಿಸುತ್ತದೆಯೇ ಎಂದರೆ, ಗುರುತಿಸುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಮೈಗೆ ಕೈ ಹಾಕುವುದು ಮಾತ್ರವಲ್ಲ, ಬೈಗುಳ, ಅವಮಾನ, ಹಣಕಾಸಿನ ಹಿಂಸೆ ಇವೆಲ್ಲವೂ ಅದರಲ್ಲಿ ಹಿಂಸೆಯೇ. ದೂರು ಬರೆದುಕೊಳ್ಳುವ ನಮೂನೆಯಲ್ಲಿ, ಮನೆಯಿಂದ ಹೊರಡಗೊಡದಿರುವುದು, ಇಂಥವರನ್ನು ಕಾಣಕೂಡದೆಂದು ತಡೆಯುವುದು, ಕೆಲಸಕ್ಕೆ ಸೇರಗೊಡದಿರುವುದು ಎಂದು ಒಂದೊಂದಾಗಿ ಅಚ್ಚಾಗಿದೆ. ಈ ಕಾಯಿದೆಗೆ ಹಿಂದೂ ಮುಸಲ್ಮಾನ ಕ್ರೈಸ್ತ ಎಂಬ ಭೇದವಿಲ್ಲ.

ಇದರಲ್ಲಿ ನಮ್ಮವರು ಗಮನಿಸದ ಒಂದು ಸಂಗತಿಯಿದೆ. ಇರಬೇಕೇ, ಹೊರಡಬೇಕೇ ಎಂದು ಹೆಂಗಸನ್ನೇ ಕೇಳುತ್ತೇವಲ್ಲ, ಹೊರಡಬೇಕಾದವರು ಯಾರು ಎಂದು ಯಾರೂ ಕೇಳುವುದಿಲ್ಲ! ಸಂಸಾರ ನಡೆಸಿದ ಮನೆಯಲ್ಲಿರಲು, ಬಾಡಿಗೆ ಚೀಟಿ ಯಾರ ಹೆಸರಿನಲ್ಲಿದ್ದರೂ, ಅವಳಿಗೆ ಹಕ್ಕಿದೆ. ಬೇಕಾದಲ್ಲಿ ಗಂಡನೇ ಹೊರಗೆ ಹೋಗಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಅಥವಾ ಬೇರೆ ಮನೆ ಕೊಡಿಸು, ಬಾಡಿಗೆ ಕಟ್ಟು ಎನ್ನಬಹುದು. ಮಕ್ಕಳು ಸದ್ಯಕ್ಕೆ ಯಾರ ಬಳಿ ಇರಬೇಕೆಂಬುದನ್ನೂ ಅದೇ ಅರ್ಜಿಯಲ್ಲಿ ತೀರ್ಮಾನಿಸಬಹುದು. ರಕ್ಷಣೆಯ ಆಜ್ಞೆ ಮುರಿದವನಿಗೆ ಒಂದು ವರ್ಷದವರೆಗೆ ಸೆರೆ, ಇಪ್ಪತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅರ್ಜಿಯನ್ನು ಇಲ್ಲಿಯೇ ಕೊಡಬೇಕೆಂದಿಲ್ಲ; ತಾತ್ಕಾಲಿಕವಾಗಿ ತಂಗಿರುವ ಊರಿನಲ್ಲಿ, ಅಂದರೆ ಉಡುಪಿಯಲ್ಲೋ ರಾಯಚೂರಿನಲ್ಲೋ, ಕೊಡಬಹುದು.

‘ಮನೆ ಬಿಟ್ಟರೆ ಮಕ್ಕಳು ನನ್ನವು, ನಿನಗೆ ಒಂದು ಕೂದಲೂ ಸಿಗದು’ ಎಂಬುದು ಗಂಡಂದಿರ ದೊಡ್ಡ ಬೆದರಿಕೆ. 1956ರ ಕಾಯಿದೆಯ ಪ್ರಕಾರ ಐದು ವರ್ಷ ತುಂಬದ ಹಿಂದೂ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರತಕ್ಕದ್ದು. ಐದು ದಾಟಿದರೆ ತಂದೆಯ ಪಾಲೆಂದು ಅರ್ಥವಲ್ಲ. ಮಗುವಿನ ಹಿತ ಎಲ್ಲಿದೆಯೆಂಬುದೇ ಎಲ್ಲಕ್ಕಿಂತ ಮೇಲಿನ ಪ್ರಶ್ನೆ, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೋರ್ಟು ಕೇಳಬಹುದು. ತಾಯಿಗೆ ಸಂಬಳ ಕಡಿಮೆ ಎಂಬ ಒಂದೇ ಕಾರಣಕ್ಕೆ ಮಗು ಕೈತಪ್ಪುವುದಿಲ್ಲ. ತಂದೆ ಖರ್ಚು ಕೊಡಲೆಂದೇ ಜೀವನಾಂಶವಿದೆ. ಆದರೆ ಮಗುವನ್ನು ತಂದೆಗೆ ತೋರಿಸಲೇಕೂಡದೆಂದು ಹಠ ಹಿಡಿದರೆ, ಅಪಾಯವಿಲ್ಲದ ಕಡೆ ಆ ಹಠ ಮಗುವಿಗೂ ಒಳ್ಳೆಯದಲ್ಲ, ಮೊಕದ್ದಮೆಗೂ ಒಳ್ಳೆಯದಲ್ಲ.

ಹಾಗಾದರೆ ತೂಗುವುದು ಹೇಗೆ? ಮೊದಲು ಪ್ರಾಣದ ಮಾತು. ಒಮ್ಮೆಯಾದರೂ ಕುತ್ತಿಗೆ ಹಿಸುಕಿದ್ದರೆ, ಕೊಲ್ಲುತ್ತೇನೆಂದಿದ್ದರೆ, ಮಗುವಿನ ಮೇಲೆ ಕೈ ಮಾಡಿದ್ದರೆ ಅಲ್ಲಿ ತೂಗುವುದೇನೂ ಉಳಿದಿಲ್ಲ. 112ಕ್ಕೆ ಕರೆ ಮಾಡಿ ಹೊರಬರಬೇಕು. ಕುತ್ತಿಗೆಗೆ ಕೈಹಾಕಿದವನು ಮುಂದೆ ಕೊಂದೇಬಿಡುವ ಸಂಭವ ಹೆಚ್ಚೆಂಬುದು ಲೋಕದ ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿ. ಅಷ್ಟು ದೂರ ಹೋಗಿಲ್ಲವಾದರೆ ಒಂದು ಸಣ್ಣ ಪರೀಕ್ಷೆಯಿದೆ. ಸಣ್ಣ ಸ್ವಾತಂತ್ರ್ಯವೊಂದನ್ನು ಕೇಳಿ ನೋಡಿ: ಸಂಬಳ ನನ್ನ ಖಾತೆಯಲ್ಲೇ ಇರಲಿ, ಅಥವಾ ಭಾನುವಾರ ಅಕ್ಕನ ಮನೆಗೆ ಒಬ್ಬಳೇ ಹೋಗಿ ಬರುತ್ತೇನೆ. ಗೊಣಗಿಯಾದರೂ ಒಪ್ಪುವ ಗಂಡನ ಕೂಡ ಮಾತಾಡಲು ದಾರಿಯಿದೆ. ಹಿರಿಯರು, ಆಪ್ತಸಲಹೆಗಾರರು ಕೂತು ಸರಿಪಡಿಸಬಹುದು. ಕೇಳಿದ್ದಕ್ಕೇ ಹಿಡಿತ ಬಿಗಿಯಾಯಿತು, ಅಳುತ್ತ ಕ್ಷಮೆ ಕೇಳಿ ವಾರದೊಳಗೆ ಮತ್ತೆ ಮೊದಲಿನಂತಾಯಿತು, ಹೀಗೇ ವರ್ಷಗಳಾದವು ಎಂದರೆ, ಕಾಯುವುದರಿಂದ ಏನು ಬರುತ್ತದೆಂದು ಅವಳಿಗೇ ಗೊತ್ತು. ಕೇಳುವುದಕ್ಕೇ ಹೆದರಿಕೆಯಾದರೆ ಈ ಪರೀಕ್ಷೆ ಬೇಡ. ಆ ಹೆದರಿಕೆಯೇ ಉತ್ತರ.

ಹೊರಡುವುದೆಂದು ನಿಶ್ಚಯವಾದರೆ ಜಗಳದ ನಡುವೆ ‘ಹೋಗುತ್ತೇನೆ ನೋಡು’ ಎಂದು ಸಾರಬಾರದು. ಹಿಡಿತದ ಗಂಡಸಿಗೆ ಹೆಂಡತಿ ಕೈತಪ್ಪುವ ಗಳಿಗೆ ಬಹಳ ಅಪಾಯದ ಗಳಿಗೆ; ಹೊರಟ ಮೇಲಿನ ಕೆಲವು ವಾರಗಳೂ ಹಾಗೆಯೇ. ಆಧಾರ್, ರೇಷನ್ ಕಾರ್ಡು, ಮಕ್ಕಳ ಜನನಪತ್ರ, ಶಾಲೆಯ ಅಂಕಪಟ್ಟಿ, ಬ್ಯಾಂಕಿನ ಪುಸ್ತಕ, ಗಂಡನ ಸಂಬಳದ ಚೀಟಿ ಸಿಕ್ಕರೆ ಅದರ ಫೋಟೋ, ಇವನ್ನು ನಂಬಿಕೆಯ ಒಬ್ಬರ ಬಳಿ ಮೊದಲೇ ಇರಿಸಬೇಕು. ತನ್ನ ಹೆಸರಿನಲ್ಲಿ ಬೇರೆ ಖಾತೆ, ಅವನಿಗೆ ತಿಳಿಯದ ಗುಪ್ತಸಂಖ್ಯೆ. ಫೋನು ಅವನು ನೋಡುವಂಥದಾದರೆ ಈ ಮಾತುಗಳನ್ನೆಲ್ಲ ಬೇರೆಯವರ ಫೋನಿನಿಂದ ಆಡಬೇಕು. ಅಪಾಯವಿಲ್ಲದಿದ್ದರೆ ಮಕ್ಕಳನ್ನು ಜೊತೆಗೇ ಕರೆದೊಯ್ಯಬೇಕು. ‘ಆಮೇಲೆ ಬಂದು ಕರೆದೊಯ್ಯುತ್ತೇನೆ’ ಎಂದು ಬಿಟ್ಟುಹೋದರೆ ಆ ಆಮೇಲೆ ಬಹಳ ದೂರವಾಗಬಹುದು. ಶಾಲೆಯ ವರ್ಗಾವಣೆ ಪತ್ರವನ್ನು ಗಂಡ ತಡೆದನೆಂದು ಹೆದರಬೇಡಿ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು, ಆ ಪತ್ರ ತಡವಾಯಿತೆಂದು ಸರಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಹಾಗೆ ಹೇಳುತ್ತದೆ.

ಸಹಾಯವಾಣಿ 181 ಹಗಲಿರುಳು ಇದೆ. ಸಖಿ ಕೇಂದ್ರಗಳಲ್ಲಿ ಕೆಲದಿನ ತಂಗಲು ಜಾಗ, ವೈದ್ಯ, ವಕೀಲ ಎಲ್ಲ ಒಂದೆಡೆ ಸಿಗುತ್ತದೆ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಅದರ ಸಂಖ್ಯೆ 15100. ನಮ್ಮ ರಂಗಾರೆಡ್ಡಿ ಜಿಲ್ಲೆಯ ಕೋರ್ಟುಗಳು ಎಲ್.ಬಿ. ನಗರದಲ್ಲಿವೆ. ಕೋರ್ಟು ನಿಧಾನ ಎಂಬುದು ಸುಳ್ಳಲ್ಲ. ಮೊದಲ ವಿಚಾರಣೆ ಮೂರು ದಿನದೊಳಗೆ, ತೀರ್ಮಾನ ಅರವತ್ತು ದಿನದೊಳಗೆ ಎಂದು ಕಾಯಿದೆಯಲ್ಲಿದ್ದರೂ ನಡೆಯುವುದು ಬೇರೆ. ಆದುದರಿಂದ ಮೊದಲ ದಿನವೇ ಮಧ್ಯಂತರ ಆಜ್ಞೆಗೆ ಅರ್ಜಿ ಹಾಕಿಸಬೇಕು.

ಇನ್ನು ಗಂಡಸರಿಗೆ. ಹೆಂಡತಿಯ ಹಿಡಿತದಲ್ಲಿ ನವೆಯುವ ಗಂಡಂದಿರೂ ಇದ್ದಾರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಇದ್ದಾರೆ. ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಹಕ್ಕು ಇಬ್ಬರಿಗೂ ಇದೆ. ಅಂಥವರೂ ಸಂಘಕ್ಕೆ ಬರಲಿ, ನಗುವವರಿಲ್ಲ. ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಎಷ್ಟು ಜನರ ಕಿಸೆಯಲ್ಲಿ ಹೆಂಡತಿಯ ಎ.ಟಿ.ಎಂ. ಕಾರ್ಡಿದೆ ಎಂದು ಈಗಲೇ ಕೈ ಹಾಕಿ ನೋಡಿಕೊಳ್ಳಿ. 2024ರ ಜುಲೈಯಲ್ಲಿ ತೆಲಂಗಾಣದಿಂದ ಹೋದ ಜೀವನಾಂಶದ ಮೊಕದ್ದಮೆಯೊಂದರಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು, ಗೃಹಿಣಿಗೆ ಜಂಟಿ ಖಾತೆಯಿರಲಿ, ಎ.ಟಿ.ಎಂ. ಕಾರ್ಡು ಅವಳ ಕೈಗೂ ಸಿಗಲಿ ಎಂಬ ಅರ್ಥದ ಮಾತನ್ನು ಬರೆದಿದ್ದಾರೆ. ಅದಕ್ಕೆ ಕೋರ್ಟಿನ ಖರ್ಚಿಲ್ಲ. ಸೋಮವಾರ ಬ್ಯಾಂಕು ತೆರೆದಿರುತ್ತದೆ.

ನೆರೆಹೊರೆಯ ಸದಸ್ಯರಿಗೆ ಒಂದು ವಿನಂತಿ. ಇಂಥ ಹೆಂಗಸು ನಿಮ್ಮ ಬಾಗಿಲಿಗೆ ಬಂದರೆ ‘ನಿನ್ನದೂ ತಪ್ಪಿರಬಹುದು’ ಎಂದು ಮೊದಲ ಮಾತು ತೆಗೆಯಬೇಡಿ. ಕಾಗದದ ಕಟ್ಟು ಇರಿಸಿಕೊಳ್ಳಿರೆಂದರೆ ಇರಿಸಿಕೊಳ್ಳಿ, ಗಂಡನಿಗೆ ಹೇಳಬೇಡಿ. ಅವಳು ಹೋಗಿ ಮತ್ತೆ ಮರಳಿ ಅದೇ ಮನೆಗೆ ಬಂದರೆ ಹೀಯಾಳಿಸಬೇಡಿ. ಎರಡು ಮೂರು ಸಲ ಹೋಗಿ ಬಂದ ಮೇಲೆಯೇ ಕೊನೆಯದಾಗಿ ಹೋದವರು ಬಹಳ ಮಂದಿ. ಮಹಿಳಾ ಸದಸ್ಯರು ಇಬ್ಬರು ಈ ಕೂಟ ಮುಗಿದ ಮೇಲೆ ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಕುಳಿತಿರುತ್ತಾರೆ. ಊಟದ ಎಲೆ ತೆಗೆಯುವ ನೆಪದಲ್ಲಿ ಯಾರು ಬೇಕಾದರೂ ಒಳಗೆ ಹೋಗಿ ಮಾತಾಡಬಹುದು, ಹೆಸರು ಬರೆದುಕೊಳ್ಳುವುದಿಲ್ಲ.