ಉಯಿಲು ರುಜುವಾಗುವ ಬಗೆ

ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಮುಂತಾದವುಗಳ ಬಗ್ಗೆ ತಕರಾರು ಬಂದಾಗ, ಬರೆದುಕೊಟ್ಟವರನ್ನೇ ಕರೆಸಿ ವಿಚಾರಿಸುವ ಅವಕಾಶ ನ್ಯಾಯಾಲಯಕ್ಕೆ ಎಷ್ಟೋ ಸಲ ಇರುತ್ತದೆ. ಉಯಿಲಿನ ವಿಷಯದಲ್ಲಿ ಆ ಅವಕಾಶ ಸಿಗುವುದೇ ಇಲ್ಲ. ಅದು ಜಾರಿಗೆ ಬರುವುದೇ ಬರೆದವರು ತೀರಿಕೊಂಡ ಮೇಲೆ, ಮತ್ತು ಅವರು ಬದುಕಿರುವವರೆಗೆ ಅದನ್ನು ತಿದ್ದಲೂ ರದ್ದುಪಡಿಸಲೂ ಸ್ವತಂತ್ರರು. ಉಯಿಲಿನ ಕಾನೂನಿನ ಬಿಗಿಯೆಲ್ಲ ಬಹುಮಟ್ಟಿಗೆ ಇದರಿಂದಲೇ ಹುಟ್ಟಿದ್ದು. ಆದರೂ ಜನರ ನಂಬಿಕೆ ಛಾಪಾ ಕಾಗದದ ಮೇಲೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರಿನ ಮೇಲೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 18ನೆಯ ಕಲಮಿನಂತೆ ಅದರ ನೋಂದಣಿಯೂ ಐಚ್ಛಿಕ. ನೋಂದಣಿಯಾದ ಪತ್ರ ಕಳೆದುಹೋಗುವ, ಬದಲಾಗುವ ಭಯ ಕಡಿಮೆ ಎಂಬುದು ನಿಜವೇ. ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ರುಜುವಾತಾದಂತಲ್ಲ.

ರುಜುವಾತು ನಿಂತಿರುವುದು ಸಾಕ್ಷಿಗಳ ಮೇಲೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೆಯ ಕಲಂ, ಉಯಿಲು ಬರೆಯುವವರು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕೆಂದೂ, ಅದನ್ನು ಕಣ್ಣಾರೆ ಕಂಡ ಅಥವಾ ಅದು ತಮ್ಮದೇ ಸಹಿಯೆಂದು ಅವರ ಬಾಯಿಂದ ಕೇಳಿದ ಇಬ್ಬರಾದರೂ ಸಾಕ್ಷಿಗಳು ಅವರ ಎದುರಿನಲ್ಲಿಯೇ ಸಹಿ ಮಾಡಬೇಕೆಂದೂ ವಿಧಿಸುತ್ತದೆ. ಸಾಕ್ಷಿಗಳಿಬ್ಬರೂ ಒಂದೇ ವೇಳೆಗೆ ಹಾಜರಿರಬೇಕೆಂದಿಲ್ಲ, ಪತ್ರದಲ್ಲಿ ಏನಿದೆಯೆಂದು ಅವರಿಗೆ ತಿಳಿದಿರಬೇಕೆಂದೂ ಇಲ್ಲ. ಹಳೆಯ ಮೈಸೂರು ಸೀಮೆಯ ಪತ್ರಗಳ ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಯ ಜೊತೆಗೆ, ‘ಬಿಕ್ಕಲಂ’ ಎಂದು ಬರೆದು ಪತ್ರ ಬರೆದ ಗುಮಾಸ್ತನ ಸಹಿ ಹಾಕಿಸುವ ರೂಢಿಯಿದೆ. ಆ ಸಹಿಯನ್ನು ಸಾಕ್ಷಿಯ ಸಹಿಯೆಂದು ಲೆಕ್ಕಕ್ಕೆ ಹಿಡಿದು ಕೆಟ್ಟವರುಂಟು; ಪತ್ರ ಬರೆದದ್ದಕ್ಕೆ ಗುರುತಾಗಿ ಹಾಕಿದ ಸಹಿ ಬೇರೆ, ಸಾಕ್ಷಿಯಾಗುವ ಉದ್ದೇಶದಿಂದ ಹಾಕಿದ್ದು ಬೇರೆ. ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ನುಡಿಯಲು ಶಕ್ತರಾಗಿದ್ದರೆ ಅವರನ್ನು ವಿಚಾರಣೆಗೆ ತರಲೇಬೇಕೆಂಬ ನಿಯಮ ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿದ್ದು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಪಾಟೀ ಸವಾಲಿನಲ್ಲಿ ಮೊದಲು ಯಾರು ಸಹಿ ಹಾಕಿದರು, ಯಾರ ಪೆನ್ನು, ಉಯಿಲು ಬರೆದವರು ಕುಳಿತಿದ್ದರೋ ಹಾಸಿಗೆಯಲ್ಲಿದ್ದರೋ ಎಂಬ ಪ್ರಶ್ನೆಗಳು ಸುರಿಯುವಾಗ, ಉಯಿಲು ಬರೆದವರಿಗಿಂತ ಹಿರಿಯರಾದ ನೆಂಟರನ್ನು ಸಾಕ್ಷಿ ಮಾಡಿಕೊಂಡ ಅವಿವೇಕ ಬಯಲಾಗುತ್ತದೆ: ಅವರು ಅಷ್ಟು ಹೊತ್ತಿಗೆ ತೀರಿಕೊಂಡಿರುತ್ತಾರೆ ಅಥವಾ ನೆನಪು ಕಳೆದುಕೊಂಡಿರುತ್ತಾರೆ.

ಸಾಕ್ಷಿ ನುಡಿದ ಮೇಲೂ ಸಂದೇಹ ಉಳಿಯಬಹುದು. ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಉಲ್ಲೇಖಿಸುವ ತೀರ್ಪು ಮೈಸೂರಿನಿಂದಲೇ ಹೋದ ವ್ಯಾಜ್ಯದ್ದು ಎಂಬುದು ಕನ್ನಡ ಓದುಗರಿಗೆ ಅಷ್ಟಾಗಿ ತಿಳಿದಂತಿಲ್ಲ. ಎಚ್. ವೆಂಕಟಾಚಲ ಅಯ್ಯಂಗಾರ್ ಮತ್ತು ಬಿ. ಎನ್. ತಿಮ್ಮಾಜಮ್ಮ ಅವರ ನಡುವಿನ ಆ ಮೊಕದ್ದಮೆಯಲ್ಲಿ, 1945ರಲ್ಲಿ ಹೆಂಗಸೊಬ್ಬರು ಬರೆದರೆನ್ನಲಾದ ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರು. ಅದರಿಂದ ದೊಡ್ಡ ಲಾಭ ದೊರೆಯುವಂತಿದ್ದುದು ಅವರ ಮಕ್ಕಳಿಗೆ. ಮೈಸೂರಿನ ಹೈಕೋರ್ಟು ಉಯಿಲನ್ನು ಒಪ್ಪಲಿಲ್ಲ. 1958ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ಆ ತೀರ್ಪಿನ ಸಾರವಿಷ್ಟು: ನಡುಗುವ ಸಹಿ, ಬರೆದವರ ಕುಗ್ಗಿದ ಬುದ್ಧಿಶಕ್ತಿ, ಹತ್ತಿರದವರನ್ನು ಕಾರಣವಿಲ್ಲದೆ ಕೈಬಿಟ್ಟ ಹಂಚಿಕೆ, ಲಾಭ ಪಡೆಯುವವರೇ ಬರೆಸಿದ್ದು ಮುಂತಾದ ಸಂದೇಹಾಸ್ಪದ ಸಂಗತಿಗಳಿದ್ದರೆ, ಅವನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಒಪ್ಪಿಗೆಯಾಗುವಂತೆ ಮಾಡುವ ಹೊಣೆ ಉಯಿಲನ್ನು ಮುಂದಿಟ್ಟವರದೇ. ಮಗಳಿಗೆ ಏನೂ ಕೊಡದಿರುವುದು ತನ್ನಷ್ಟಕ್ಕೆ ದೋಷವಲ್ಲ. ಹಾಗೇಕೆ ಮಾಡಿದ್ದೆಂದು ಒಂದೆರಡು ವಾಕ್ಯದಲ್ಲಿ ಬರೆದಿಡದೆ ಹೋಗುವುದೇ ಮುಂದಿನ ಜಗಳಕ್ಕೆ ಬಾಗಿಲು ತೆರೆಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ತನ್ನದಲ್ಲದ್ದನ್ನು ಉಯಿಲಿನಲ್ಲಿ ಕೊಡಲು ಬರುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ತಂದೆ ಸ್ವಯಾರ್ಜಿತವನ್ನು, ಅಂದರೆ ಸ್ವಂತ ದುಡಿಮೆಯ ಸ್ವತ್ತನ್ನು, ಇಡಿಯಾಗಿ ಬರೆಯಬಲ್ಲನಾದರೂ, ಪಿತ್ರಾರ್ಜಿತದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೆಯ ಕಲಂ ಅವನಿಗೆ ಬಿಟ್ಟಿರುವುದು ಅವನ ಪಾಲನ್ನು ಮಾತ್ರ. ಹೆಣ್ಣುಮಕ್ಕಳು ಜನ್ಮತಃ ಪಾಲುದಾರರಾದದ್ದರಿಂದ ಆ ಪಾಲಿನ ಗಾತ್ರವೂ ಬದಲಾಗಿದೆ. ಕರ್ನಾಟಕ ತನ್ನದೇ ತಿದ್ದುಪಡಿಯಿಂದ 1994ರ ಜುಲೈ 30ರಿಂದ ಈ ಹಕ್ಕನ್ನು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು, ಮತ್ತು 2020ರ ವಿನೀತಾ ಶರ್ಮಾ ತೀರ್ಪು ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸ್ಪಷ್ಟಪಡಿಸಿತು. ಮುಸ್ಲಿಂ ಕಾನೂನಿನ ಮಿತಿ ಬೇರೆ ಬಗೆಯದು: ಅಂತ್ಯಕ್ರಿಯೆಯ ವೆಚ್ಚ, ಸಾಲಗಳು ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗವನ್ನು ಮೀರಿದ ಉಯಿಲಿಗೆ ವಾರಸುದಾರರ ಒಪ್ಪಿಗೆ ಬೇಕು. ಹಿಂದೂ ಗಂಡಸೊಬ್ಬ ಉಯಿಲನ್ನೇ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆಗೆ ಅವನ ತಾಯಿಯೂ ಒಂದನೆಯ ವರ್ಗದ ವಾರಸುದಾರಳು. ಹಂಚಿಕೆಗೆ ಕುಳಿತವರು ಅನೇಕ ಸಲ ಮರೆಯುವುದು ಮನೆಯ ಮೂಲೆಯಲ್ಲಿರುವ ಆ ಮುದುಕಿಯನ್ನೇ. ತಂದೆ ಇರುವುದು ಎರಡನೆಯ ವರ್ಗದಲ್ಲಿ.

ಮರಣದ ನಂತರ ಕುಟುಂಬದ ಕೈಗೆ ಮೊದಲು ಸಿಗುವ ದಾಖಲೆಗಳು ನಾಮನಿರ್ದೇಶನ ಮತ್ತು ಪೌತಿ ಖಾತೆ. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣ ಪಡೆಯಲು ಅರ್ಹರೇ ಹೊರತು ಅದರ ಒಡೆಯರಲ್ಲ. ಕಂಪನಿಯ ಷೇರುಗಳಿಗೂ ಇದೇ ನ್ಯಾಯವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿತು. ವಿಮಾ ಹಣದ ವಿಷಯದಲ್ಲಿ ಮಾತ್ರ 2015ರ ತಿದ್ದುಪಡಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರನ್ನು ಹಕ್ಕುದಾರರೆಂದೇ ಕಾಣುತ್ತದೆ. ತೀರಿಕೊಂಡವರ ಹೆಸರನ್ನು ಪಹಣಿಯಿಂದ ತೆಗೆದು ವಾರಸುದಾರರ ಹೆಸರು ಏರಿಸುವ ಪೌತಿ ಖಾತೆಗೆ ಆಧಾರ ವಂಶವೃಕ್ಷ. ಅದು ಕಂದಾಯ ಯಾರಿಂದ ಬರಬೇಕೆಂಬುದರ ದಾಖಲೆ, ಒಡೆತನವನ್ನು ಹುಟ್ಟಿಸುವ ಪತ್ರವಲ್ಲ. ಉಯಿಲಿನ ಸಿಂಧುತ್ವಕ್ಕೆ ತಕರಾರು ಬಂದಾಗ ಅದನ್ನು ತೀರ್ಮಾನಿಸುವ ಅಧಿಕಾರ ತಹಸೀಲ್ದಾರರಿಗಿಲ್ಲ, ಅದು ಸಿವಿಲ್ ನ್ಯಾಯಾಲಯದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಬರೆಸದೆ ಅಣ್ಣತಮ್ಮಂದಿರು ಮಾಡಿಸಿಕೊಂಡ ಖಾತೆಯಿಂದ ಆ ಹೆಣ್ಣುಮಕ್ಕಳ ಪಾಲು ನಶಿಸುವುದಿಲ್ಲ. ಅವರು ತಮ್ಮ ಪಾಲನ್ನು ಬಿಟ್ಟುಕೊಡುವುದೇ ನಿಜವಾದರೆ ಅದಕ್ಕೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವೇ ಆಗಬೇಕು, ಮತ್ತು ಅಂಥ ಜಮೀನನ್ನು ಕೊಳ್ಳಲು ಬಂದವರು ಪಹಣಿಯ ಕಾಲಂ ನೋಡುವ ಮೊದಲು ಕೇಳಬೇಕಾದದ್ದು ಆ ಪತ್ರವನ್ನು.