ಬಾಯಿಮಾತಿನ ದಾನ, ಬರೆದಿಟ್ಟ ದಾನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಫೋನ್ ಮಾಡಿದ ಗೆಳೆಯರು "ಬೆಂಗಳೂರಾಗ ಕಂಪ್ಯೂಟರ್ ಕೆಲಸ ಮಾಡ್ತೀಯಲ್ಲ, ಅದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದಿದ್ದರು. ಕಂಪ್ಯೂಟರ್ ಬಗ್ಗೆ ಇವತ್ತಿನ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತು. ಅದಕ್ಕೆ ನಾನು ಬೇರೆ ವಿಷಯ ತಂದಿದ್ದೇನೆ. ಸ್ವಲ್ಪ ಅಶುಭ ಅನ್ನಿಸಬಹುದು, ಹಿರಿಯರು ಕ್ಷಮಿಸಬೇಕು.

ಹೋದ ವರ್ಷ ನಾನು ಮೃತ್ಯುಪತ್ರ ಬರೆದೆ. ವಿಲ್ ಅಂತೀವಲ್ಲ, ಅದು. ಊರಿಗೆ ಬಂದಾಗ ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಿನಗೇನ್ ಆಗ್ಯಾದೋ ಮಗಾ? ಡಾಕ್ಟರ್ ಏನರೆ ಹೇಳ್ಯಾರೇನು?" ಅಂತ ಅಳೋಕೆ ಶುರು ಮಾಡಿದಳು. ನನಗೆ ಏನೂ ಆಗಿಲ್ಲ, ಇನ್ನೂ ನಲವತ್ತು ದಾಟಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದಿತ್ತು. ಆಮೇಲೆ ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದಳು: "ಅದರಾಗ ಮುತ್ಯಾನ ಹೆಸರು ಹಾಕಿದ್ದೀಯೋ ಇಲ್ಲೋ?"

ಆ ಪ್ರಶ್ನೆಯ ಹಿಂದೆ ಒಂದು ಕಥೆ ಇದೆ. ನಮ್ಮ ಮುತ್ಯಾ ಓದಿದವರಲ್ಲ, ಹೆಬ್ಬೆಟ್ಟು. ಆದರೆ ಆಗಸ್ಟ್ 15ಕ್ಕೆ ಮತ್ತು ಜನವರಿ 26ಕ್ಕೆ ತಪ್ಪದೆ ಶಾಲೆಗೆ ಬಂದು ಹಿಂದೆ ನಿಂತು ಝಂಡಾ ಏರಿಸುವುದನ್ನು ನೋಡಿ ಹೋಗುತ್ತಿದ್ದರು. ಹೊಲದ ಕಡೆಯ ಅರ್ಧ ಎಕರೆ ತೋರಿಸಿ, "ಈ ಅರ್ಧ ಎಕರೆ ತೊಗರಿ ಶಾಲೆ ಮಕ್ಕಳಿಗೆ. ನಾ ಹೋದ ಮ್ಯಾಲೂ ಬಡವರ ಮಕ್ಕಳಿಗೆ ನೋಟ್‌ಬುಕ್ ಇದರಾಗೇ ಬರಬೇಕು" ಅನ್ನುತ್ತಿದ್ದರು. ಮನೆಯಲ್ಲಿ ಅಂದರು, ಕಟ್ಟೆಯ ಮೇಲೆ ಅಂದರು, ಜಾತ್ರೆಯಲ್ಲಿ ಸಿಕ್ಕ ನೆಂಟರ ಮುಂದೆಯೂ ಅಂದರು. ಎಲ್ಲರೂ ಹೌದು ಹೌದು ಅಂದರು. ಕಾಗದದ ಮೇಲೆ ಮಾತ್ರ ಯಾರೂ ಬರೆಯಲಿಲ್ಲ.

ಮುತ್ಯಾ ತೀರಿಹೋದ ಮೇಲೆ ಹೊಲ ಪಾಲಾಯಿತು. ಒಬ್ಬ ಕಾಕಾನಿಗೆ ಬೋರ್‌ವೆಲ್ ಸಾಲ, ಇನ್ನೊಬ್ಬರಿಗೆ ಮಗಳ ಮದುವೆ. ಆ ಅರ್ಧ ಎಕರೆಯೂ ಪಾಲಿನಲ್ಲಿ ಹೋಯಿತು. ನಮ್ಮಪ್ಪ ಒಮ್ಮೆ ಆ ಮಾತು ಎತ್ತಿದಾಗ ಮನೆಯಲ್ಲಿ ದೊಡ್ಡ ಜಗಳವೇ ಆಯಿತು, ಎರಡು ವರ್ಷ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ಕಾಕಾನವರದು ತಪ್ಪು ಎಂದು ನಾನು ಹೇಳುವುದಿಲ್ಲ. ಅವರ ಕಷ್ಟ ಅವರಿಗೆ. ಬಾಯಿಮಾತಿಗೆ ಕಾಯ್ದೆಯ ಬಲ ಇರಲಿಲ್ಲ ಎಂಬುದಷ್ಟೇ ನಿಜ. ಇನ್ನೂ ಒಂದು ಸಂಗತಿ ನನಗೆ ತೀರ ಇತ್ತೀಚೆಗೆ ತಿಳಿಯಿತು. ಅದು ಪಿತ್ರಾರ್ಜಿತ ಹೊಲ. ಮುತ್ಯಾ ಬರೆದಿಟ್ಟಿದ್ದರೂ ತಮ್ಮ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದಿತ್ತು. ಅದನ್ನು ಆಗಲೇ ಯಾರಾದರೂ ಹೇಳಿದ್ದರೆ ಪಹಣಿ ನೋಡಿ, ಪಾಲು ಮಾಡಿಸಿಕೊಂಡು, ತಮ್ಮ ಭಾಗದಿಂದಲೇ ಕೊಡುತ್ತಿದ್ದರು. ಅಷ್ಟು ಹಟಮಾರಿ ಮನುಷ್ಯ.

ಕೊಡುವ ಮನಸ್ಸಿಗೆ ನಮ್ಮ ಬೀದರ್ ಸೀಮೆಯಲ್ಲಿ ಯಾವತ್ತೂ ಬರ ಇಲ್ಲ. ದಾಸೋಹ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ನೆಲ ಇದು. ಇನ್ನೂ ಹಿಂದೆ ಹೋದರೆ, ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್. ಬಹಮನಿ ರಾಜ್ಯದ ಮಂತ್ರಿಯಾಗಿದ್ದರೂ ಅವನು ಸ್ವಂತಕ್ಕೆ ಖರ್ಚು ಮಾಡುತ್ತಿದ್ದುದು ತನ್ನ ವ್ಯಾಪಾರದ ಲಾಭದಿಂದ, ರಾಜ್ಯದ ಹಣ ಮತ್ತು ಬಡವರ ಹಣಕ್ಕೆ ಬೇರೆ ಬೇರೆ ಖಜಾನೆ ಇಟ್ಟಿದ್ದ ಎಂದು ಫೆರಿಷ್ತಾ ಬರೆದಿದ್ದಾನೆ. 1481ರಲ್ಲಿ ಸುಳ್ಳು ಆರೋಪದ ಮೇಲೆ ಅವನನ್ನು ಕೊಲ್ಲಿಸಿದ ಮೇಲೆ ಖಜಾನೆ ತೆರೆದು ನೋಡಿದರೆ ಅವನದು ಎನ್ನುವಂಥದ್ದು ಹೆಚ್ಚೇನೂ ಸಿಗಲಿಲ್ಲವಂತೆ. ನಾನು ಎಂಜಿನಿಯರ್, ಇತಿಹಾಸದವನಲ್ಲ. ಆದರೆ ಆ ಎರಡು ಖಜಾನೆಯ ಮಾತು ನನಗೆ ಬಹಳ ಹಿಡಿಸಿತು.

ಬೆಂಗಳೂರಿಗೆ ಹೋದ ನಮ್ಮ ಕಡೆಯವರಿಗೆ ರೈಲು ನಿಲ್ದಾಣದ ಹತ್ತಿರದ ತೋಟದಪ್ಪ ಛತ್ರ ಗೊತ್ತಿರುತ್ತದೆ. ಗುಬ್ಬಿ ತೋಟದಪ್ಪನವರು ವ್ಯಾಪಾರಿ. ಪರಸ್ಥಳದವರು ತಂಗಲಿ ಎಂದು 1903ರಲ್ಲಿ ಛತ್ರ ಮಾಡಿದರು, 1910ರಲ್ಲಿ ತೀರಿಕೊಂಡರು. ಬರೇ ಕಟ್ಟಡ ಕಟ್ಟಿ ಬಿಟ್ಟಿದ್ದರೆ ಅದು ಯಾವತ್ತೋ ಬಿದ್ದು ಹೋಗುತ್ತಿತ್ತು. ನೋಡಿಕೊಳ್ಳಲು ಟ್ರಸ್ಟ್ ಇದ್ದುದರಿಂದ ನೂರು ವರ್ಷ ದಾಟಿಯೂ ನಡೆಯುತ್ತಿದೆ. ಬೆಳಗಾವಿ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದರು. ಅವರು ಕಣ್ಣಾರೆ ನೋಡದ ಎಷ್ಟೋ ಮಕ್ಕಳು ಆ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಓದಿದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ.

ಅವರೆಲ್ಲ ದೇಸಾಯರು, ಸಾಹುಕಾರರು, ನಮಗೆಲ್ಲಿಯದು ಅನ್ನಬೇಡಿ. ಕೊಪ್ಪಳ ತಾಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರು ತಮ್ಮ ಎರಡು ಎಕರೆ ಹೊಲವನ್ನು ಊರ ಶಾಲೆಗೆ ಕೊಟ್ಟರು. ಕೊಟ್ಟ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಬದುಕಿರುವಾಗಲೇ, ಕಣ್ಣೆದುರೇ ಕೊಟ್ಟರು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹುಚ್ಚಮ್ಮನವರ ಹಾಗೆ ಬದುಕಿರುವಾಗ ಹೊಲ ಕೊಡಬೇಕೆಂದರೆ ದಾನಪತ್ರ, ನಮ್ಮ ಕಡೆ ಬಕ್ಷೀಸ್ ಪತ್ರ ಅಂತೀವಿ, ಅದು ನೋಂದಣಿ ಆಗಲೇಬೇಕು. ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು, ಇಬ್ಬರು ಸಾಕ್ಷಿ ಬೇಕು, ಪಡೆಯುವವರು ಒಪ್ಪಿಕೊಂಡಿರಬೇಕು. ಒಮ್ಮೆ ಕೊಟ್ಟರೆ ಮನಸ್ಸು ಬದಲಾಯಿತೆಂದು ವಾಪಸ್ ಕೇಳುವ ಹಾಗಿಲ್ಲ. ಅದಕ್ಕೇ ಮುಪ್ಪಿನಲ್ಲಿ ಇರುವ ಒಂದೇ ಆಸರೆಯನ್ನು ಯಾರೂ ಬಕ್ಷೀಸ್ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಎಂಥ ಒಳ್ಳೆಯ ಕೆಲಸಕ್ಕೇ ಆಗಲಿ.

ಮೃತ್ಯುಪತ್ರ ಹಾಗಲ್ಲ. ಬರೆದವರು ಇರುವತನಕ ಎಲ್ಲವೂ ಅವರದೇ. ನಾಳೆ ಮನಸ್ಸು ಬದಲಾದರೆ ಹರಿದು ಹಾಕಿ ಬೇರೆ ಬರೆಯಬಹುದು. ಅದಕ್ಕೆ ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸಹಿ ಬರದಿದ್ದರೆ ಹೆಬ್ಬೆಟ್ಟೂ ನಡೆಯುತ್ತದೆ. ಆದರೆ ಇಬ್ಬರು ಸಾಕ್ಷಿಗಳು ನಿಮ್ಮ ಸಹಿ ನೋಡಿ, ನಿಮ್ಮ ಎದುರೇ ಸಹಿ ಹಾಕಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹೇಳಿರುವುದು ಇದೇ. ಪಾಲು ಸಿಗುವವರನ್ನೇ ಸಾಕ್ಷಿ ಮಾಡಬೇಡಿ, ಸುಮ್ಮನೆ ತಂಟೆ. ನಮ್ಮ ಮುಸ್ಲಿಂ ಬಂಧುಗಳಿಗೆ ಅವರ ಧರ್ಮಶಾಸ್ತ್ರದ ಪ್ರಕಾರ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗದವರೆಗೆ ಮಾತ್ರ ಬರೆಯಲು ಬರುತ್ತದೆ. ಕ್ರೈಸ್ತ ಬಂಧುಗಳಿಗೆ ಧರ್ಮಕಾರ್ಯಕ್ಕೆ ಆಸ್ತಿ ಬರೆಯುವುದಕ್ಕೆ ಮೊದಲು ಒಂದು ಅಡ್ಡಿ ಇತ್ತು, ಸಾಯುವ ಹನ್ನೆರಡು ತಿಂಗಳು ಮೊದಲೇ ಬರೆದಿರಬೇಕು ಎಂದು. ಅದನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿತು.

ಇನ್ನೊಂದು, ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದೇನೆ, ಎಲ್ಲ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಠೇವಣಿಯ ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಕೈಗೆ ತೆಗೆದುಕೊಳ್ಳುವವರು ಅಷ್ಟೇ. ಹಣ ಯಾರದು ಎಂಬುದು ಬೇರೆ ಮಾತು.

ಈಗ ಪಡೆಯುವವರ ಕಡೆ ಬರೋಣ, ನನಗೆ ಹೆಚ್ಚು ಚಿಂತೆ ಇರುವುದು ಅಲ್ಲೇ. ಬೇರೊಂದು ಊರಿನ ಶಾಲೆ, ಹೆಸರು ಬೇಡ. ಹತ್ತನೇ ತರಗತಿಯಲ್ಲಿ ಮೊದಲು ಬಂದವರಿಗೆ ಬಹುಮಾನ ಕೊಡಲಿ ಎಂದು ಹಿರಿಯರೊಬ್ಬರು ತೀರಿಹೋದ ಮಗಳ ಹೆಸರಿನಲ್ಲಿ ಹತ್ತು ಸಾವಿರ ರೂಪಾಯಿ ದತ್ತಿ ಇಟ್ಟಿದ್ದರು. ಕೆಲವು ವರ್ಷ ಬಹುಮಾನ ಕೊಟ್ಟರು. ಮುಖ್ಯಗುರುಗಳಿಗೆ ವರ್ಗ ಆಯಿತು, ಅವರ ನಂತರದವರಿಗೂ ಆಯಿತು. ಠೇವಣಿಯ ರಸೀದಿ ಯಾವ ಅಲ್ಮಾರಿಯಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಆ ಹಿರಿಯರು ಪ್ರತಿ ವರ್ಷ ಸಮಾರಂಭಕ್ಕೆ ಬಂದು, ಮಗಳ ಹೆಸರು ಕೂಗುತ್ತಾರೆಂದು ಕಾದು ಕೂತು, ಎದ್ದು ಹೋಗುತ್ತಿದ್ದರು. ಇದನ್ನು ನಾನು ನೋಡಿದ್ದೇನೆ.

ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಗಾಬರಿ ಬೇಡ, ಹೋದರೂ ಹಕ್ಕುದಾರರು ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು. ಹುಡುಕಲು 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ತೆರೆದಿದ್ದಾರೆ. ಆದರೆ ಠೇವಣಿ ಯಾರ ಹೆಸರಿನಲ್ಲಿತ್ತು ಎಂಬುದಾದರೂ ಗೊತ್ತಿರಬೇಕಲ್ಲ.

ಸಿಕ್ಕರೂ ಹಳೆಯ ಬೆಲೆ ಉಳಿದಿರುವುದಿಲ್ಲ. ಹತ್ತು ಸಾವಿರಕ್ಕೆ ನೂರಕ್ಕೆ ಹತ್ತರ ಬಡ್ಡಿ ಇದ್ದ ಕಾಲಕ್ಕೆ ವರ್ಷಕ್ಕೆ ಒಂದು ಸಾವಿರ ಬರುತ್ತಿತ್ತು. ಆರೂವರೆ ಬಡ್ಡಿಯಾದರೆ 650. ಅಷ್ಟಕ್ಕೆ ಇವತ್ತು ಒಂದು ಒಳ್ಳೆಯ ಸ್ಕೂಲ್ ಬ್ಯಾಗೂ ಬರುವುದಿಲ್ಲ. ಬಡ್ಡಿಯನ್ನು ಪೂರ್ತಿ ಖರ್ಚು ಮಾಡಬಾರದು. ಒಂದು ಲಕ್ಷ ಇಟ್ಟು ವರ್ಷಕ್ಕೆ 6,500 ಬಂದರೆ 4,500 ಮಕ್ಕಳಿಗೆ ಕೊಟ್ಟು ಉಳಿದ 2,000 ಅಸಲಿಗೆ ಸೇರಿಸಬೇಕು. ಪ್ರತಿ ವರ್ಷ ಅದೇ ಲೆಕ್ಕದಲ್ಲಿ ಸೇರಿಸುತ್ತ ಹೋದರೆ ಹತ್ತು ವರ್ಷಕ್ಕೆ ಅಸಲು ಸುಮಾರು 1,22,000 ಆಗುತ್ತದೆ. ಬೆಲೆ ಏರುವ ವೇಗಕ್ಕೆ ಇದು ಸಾಟಿಯಲ್ಲ, ಆದರೂ ಪೂರ್ತಿ ಕರಗುವುದಿಲ್ಲ.

ಅದಕ್ಕೇ ಸಂಘದ ಗೆಳೆಯರಲ್ಲಿ ನನ್ನದೊಂದು ಒತ್ತಾಯ ಇದೆ. ಹಳೆಯ ವಿದ್ಯಾರ್ಥಿಗಳ ಸಂಘ ವಾಟ್ಸ್‌ಆ್ಯಪ್ ಗುಂಪಾಗಿ ಉಳಿದರೆ ಯಾರೂ ಅದರ ಹೆಸರಿಗೆ ಮೃತ್ಯುಪತ್ರ ಬರೆಯಲಾರರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಅದನ್ನು ನೋಂದಣಿ ಮಾಡಿಸೋಣ. ಪ್ಯಾನ್ ಬೇಕು, ಬ್ಯಾಂಕ್ ಖಾತೆ ಬೇಕು, ಸಹಿ ಒಬ್ಬರದೇ ಇರಬಾರದು. ದತ್ತಿಯ ಹಣ ಒಂದು ಖಾತೆ, ದಿನದ ಖರ್ಚಿನ ಹಣ ಇನ್ನೊಂದು ಖಾತೆ. ಗವಾನನ ಎರಡು ಖಜಾನೆ ಇದ್ದ ಹಾಗೆ. ಪ್ರತಿ ದತ್ತಿಗೂ ಒಂದು ಪುಟ ಇರಲಿ: ಯಾರು ಕೊಟ್ಟರು, ಯಾರ ನೆನಪಿಗೆ, ಯಾವ ಕೆಲಸಕ್ಕೆ, ಆ ಕೆಲಸ ಮುಂದೆ ಬೇಡವಾದರೆ ಮತ್ತೆ ಯಾವುದಕ್ಕೆ. ಈ ಕೊನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಮೂವತ್ತು ವರ್ಷದ ಹಿಂದೆ ಟೈಪಿಂಗ್ ಕಲಿಯುವವರಿಗೆಂದು ದತ್ತಿ ಇಟ್ಟಿದ್ದರೆ ಇವತ್ತು ಏನು ಮಾಡುತ್ತಿದ್ದಿರಿ? ಆ ಪುಟಗಳನ್ನು ಪ್ರತಿ ವರ್ಷ ವಾರ್ಷಿಕೋತ್ಸವದಲ್ಲಿ ಗಟ್ಟಿಯಾಗಿ ಓದಬೇಕು.

ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬಗ್ಗೆ ನೌಕರಿಯವರು ಕೇಳುತ್ತೀರಿ. ಅದಕ್ಕೆ ಸಂಘ ಬೇರೆ ಅನುಮತಿ ಪಡೆಯಬೇಕು, 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ. ಅದರ ಆಸೆಗೆ ಕೊಡುವುದಾದರೆ ಲೆಕ್ಕ ಮೊದಲೇ ನೋಡಿಕೊಳ್ಳಿ.

ನನ್ನ ಮೃತ್ಯುಪತ್ರದಲ್ಲಿ ಏನಿದೆ ಎಂದು ಕೇಳುವ ಕುತೂಹಲ ಮುಂದಿನ ಸಾಲಿನಲ್ಲಿ ಕೂತವರ ಮುಖದಲ್ಲಿ ಕಾಣುತ್ತಿದೆ. ಹೆಂಡತಿ, ಮಗಳು, ಅವ್ವನಿಗೆ ಮೊದಲು. ಅವರಿಗೆ ಕಡಿಮೆ ಮಾಡಿ ಊರಿಗೆ ಕೊಡುವ ದೊಡ್ಡಸ್ತಿಕೆ ನನಗಿಲ್ಲ. ನಾನು ದುಡಿದು ಉಳಿಸಿದ್ದರಲ್ಲಿ ನೂರಕ್ಕೆ ಐದು ಭಾಗ ಈ ಶಾಲೆಯ ಮಕ್ಕಳ ನೋಟ್‌ಬುಕ್ಕಿಗೆ, ಮುತ್ಯಾನ ಹೆಸರಿನಲ್ಲಿ. ಅವ್ವನ ಪ್ರಶ್ನೆಗೆ ಅವತ್ತು ನಾನು ಇಲ್ಲ ಅಂದಿದ್ದೆ. ಮೊದಲು ಬರೆದ ಹಾಳೆಯಲ್ಲಿ ಅವರ ಹೆಸರು ಇರಲಿಲ್ಲ, ಶಾಲೆಯ ಹೆಸರೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಹೊಸದಾಗಿ ಬರೆದೆ. ಆದರೆ ಹಣ ಯಾರಿಗೆ ಸೇರಬೇಕು ಎನ್ನುವ ಜಾಗ ಇನ್ನೂ ಖಾಲಿ ಇದೆ, ಯಾಕೆಂದರೆ ಬರೆಯಲು ನೋಂದಣಿಯಾದ ಸಂಘ ಇಲ್ಲ.

ನಾನು ಸಾಯುವ ತನಕ ಮಕ್ಕಳು ಕಾಯಬೇಕಿಲ್ಲ ಎಂದು ಒಂದು ಲಕ್ಷದ ಚೆಕ್ ಕೂಡ ತಂದಿದ್ದೇನೆ. ಅದರ ಮೇಲೂ ಹೆಸರು ಬರೆದಿಲ್ಲ. ಊಟ ಆದ ಮೇಲೆ ಹತ್ತನೇ ತರಗತಿಯ ಕೋಣೆಯಲ್ಲಿ ಸಂಘದ ನೋಂದಣಿ ಅರ್ಜಿ ಇಟ್ಟಿರುತ್ತೇವೆ, ಸಹಿ ಮಾಡುವವರು ಆಧಾರ್ ಕಾರ್ಡಿನ ನಕಲು ತನ್ನಿ. ಜೆರಾಕ್ಸ್ ಮಾಡಿಸಲು ಒಬ್ಬ ಹುಡುಗನನ್ನು ಬೈಕಿನ ಮೇಲೆ ಸಿದ್ಧ ಇಟ್ಟಿದ್ದೇವೆ.